ನಾಲ್ಕನೆಯ ಸಾಲಿನ ಮೌನ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿಯ ಹಿರಿಯರು ನಿರುಪಾದಿ ಸ್ವಾಮಿಗಳು. ಎಲ್ಲರ ಬಾಯಲ್ಲೂ ಅವರು ಅಜ್ಜಾರು.

ಆಶ್ರಮದ ಸಂಜೆಯ ಪ್ರಾರ್ಥನೆ ಮೂರೇ ಸಾಲು.

ಹೊಳೆಯ ಕೇಳಿದೆ, ಹರಿಯಿತು.
ಬಂಡೆಯ ಕೇಳಿದೆ, ನಿಂತಿತು.
ಬಯಲ ಕೇಳಿದೆ, ಸುಮ್ಮನಿತ್ತು.

ನಾಲ್ಕನೆಯ ಸಾಲಿನ ಹೊತ್ತಿಗೆ ಎಲ್ಲರೂ ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಿದ್ದರು. ಹೊಸಬರು ಇದನ್ನು ಮಹಾ ಯೋಗಸಾಧನೆ ಎಂದುಕೊಳ್ಳುವರು. ಅಂಥದ್ದೇನಿಲ್ಲ. ನಾಲ್ಕನೆಯ ಸಾಲು ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ಆಶ್ರಮ ಕಟ್ಟಿದ ಮೊದಲ ಗುರುಗಳು ಆ ಪ್ರಾರ್ಥನೆಯನ್ನು ಹೊಳೆಯ ನಡುವಿನ ಬಂಡೆಯ ಮೇಲೆ ಕೆತ್ತಿಸಿದ್ದರು. ಮೇಲಿನ ಮೂರು ಸಾಲು ಓದಲು ಬರುತ್ತಿದ್ದವು. ನೀರಿಗೆ ಹತ್ತಿರವಿದ್ದ ನಾಲ್ಕನೆಯದು ಸವೆದು ನುಣ್ಣಗಾಗಿತ್ತು.

ಬೇಸಿಗೆ ಬಂತೆಂದರೆ ಅಜ್ಜಾರು ಧೋತರ ಎತ್ತಿ ಕಟ್ಟಿಕೊಂಡು ಬಂಡೆಗೆ ಹೋಗುವರು. ಸವೆದ ಸಾಲಿನ ಮೇಲೆ ಬೆರಳಾಡಿಸುವರು. ಬೆರಳಿಗೆ ಏನೂ ಹತ್ತದೆ ತಿರುಗಿ ಬರುವರು. ಈಗ ಮೊಣಕಾಲು ಸೋತಿದ್ದರಿಂದ ಬಂಡೆಗೆ ಹೋಗುವುದು ನಿಂತಿತ್ತು. ಆಸೆ ನಿಂತಿರಲಿಲ್ಲ. ಅವರು ಬಾಯಿಬಿಟ್ಟು ಹೇಳದಿದ್ದರೂ ಶಿಷ್ಯ ಅಡಿವೆಪ್ಪನಿಗೆ ಅದು ಗೊತ್ತಿತ್ತು.

ಹೊಳೆಯ ಕೆಳಗಡೆ ನೀರು ತಡೆದು ನಿಲ್ಲಿಸುವ ಹೊಸ ಬ್ಯಾರೇಜು ಆಗಿತ್ತು. ನಾಳೆ ಮಧ್ಯಾಹ್ನ ಅದರ ಗೇಟು ಇಳಿಸುತ್ತಾರೆ. ಆಮೇಲೆ ಬಂಡೆ ಕಾಯಂ ಆಗಿ ನೀರಿನ ಪಾಲು.

ಅಡಿವೆಪ್ಪ ಬಂಡೆಯ ಸುತ್ತ ಮಂಡಿಯೂರಿ, ಮಲಗಿ, ನೀರಿಗಿಳಿದು ಫೋಟೋ ತೆಗೆದು ತಂದಿದ್ದ. ಆ ಫೋಟೋಗಳನ್ನೆಲ್ಲ ಹೊಂದಿಸಿ ಬಂಡೆಯನ್ನು ಉಬ್ಬುತಗ್ಗುಗಳ ಸಮೇತ ಪರದೆಯ ಮೇಲೆ ಎಬ್ಬಿಸುವ ಸಾಫ್ಟ್‌ವೇರ್ ಅವನ ಬಳಿ ಇತ್ತು. ಅದರ ಮೇಲೆ ಓರೆಯಾಗಿ ಬೆಳಕು ಬಿಟ್ಟರೆ ಕಣ್ಣಿಗೆ ಕಾಣದ ಗೀರಿಗೂ ನೆರಳು ಬೀಳುತ್ತದೆ. ಫೋಟೋ ಸಾಲದೆ ಹೋದರೆ ಬೆಳಗಾಗುತ್ತಲೇ ಓಡಿಹೋಗಿ ಇನ್ನಷ್ಟು ತೆಗೆಯಬಹುದು. ಅದಕ್ಕೇ ಇವತ್ತೇ ನೋಡಬೇಕಿತ್ತು.

ಆಶ್ರಮದ ಲ್ಯಾಪ್‌ಟಾಪು ಬಲು ಹಳೆಯದು, ಭಕ್ತರೊಬ್ಬರು ಬಳಸಿ ಕೊಟ್ಟಿದ್ದು. ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಪ್ರಾರ್ಥನೆಯ ಪಡಸಾಲೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಮಾತ್ರ ಜೀವ ಬರುತ್ತಿತ್ತು.

ಸಾಫ್ಟ್‌ವೇರ್ ತೆರೆಯಿತು. ಒಂದೇ ಮಾತು ಹೇಳಿ ಕೈಚೆಲ್ಲಿತು: ಗ್ರಾಫಿಕ್ಸ್ ಕಾರ್ಡ್ ಪತ್ತೆಯಾಗಿಲ್ಲ.

ಚಿತ್ರದ ಭಾರವನ್ನೆಲ್ಲ ಹೊರುವುದು ಆ ಕಾರ್ಡು. ಅದಿಲ್ಲದೆ ಈ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಅಡಿವೆಪ್ಪ ಊಟ ಬಿಟ್ಟು ಕೂತ. ತಲೆ ಕೆರೆದುಕೊಂಡ.

ಅಜ್ಜಾರು ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು.

“ಮಾರಿ ಯಾಕೋ ಸಪ್ಪಗಾಗೇತಲ್ಲೋ ಅಡಿವೆಪ್ಪಾ.”

“ಕಾರ್ಡ್ ಸಿಗವಲ್ದ್ರಿ ಅಜ್ಜಾರ.”

“ಎಲ್ಲೆ ಇಟ್ಟಿದ್ದಿ?”

“ಕಳದಿಲ್ರಿ. ಇದರ ಒಳಗ ಐತಿ. ಆದ್ರ ಇದಕ್ಕ ಅದು ಕಾಣವಲ್ದು.”

“ನೀ ಏನೇನು ಮಾಡಿದಿ?”

“ಅದಕ್ಕೊಂದು ಡ್ರೈವರ್ ಅಂತ ಇರತೈತ್ರಿ, ಕಾರ್ಡಿನ ಮಾತು ಇದಕ್ಕ ತಿಳಿಸೋದು. ಅದನ್ನ ತಗದು ಮತ್ತ ಹಾಕಿದೆ. ಬಂದ್ ಮಾಡಿ ಚಾಲೂ ಮಾಡಿದೆ. ತಳ ಬಿಚ್ಚಿ ಕುಂಚದಲೆ ಧೂಳ ಕೊಡವಿದೆ. ಎಷ್ಟ ಕರದ್ರೂ ಓ ಅನ್ನವಲ್ದು.”

“ಹಂಗಾರ ಏನಾಗಿರಬೇಕು?”

“ಪ್ಯಾಟ್ಯಾಗ ರಿಪೇರಿ ಮಾಡಾಂವಗ ಫೋನ್ ಹಚ್ಚಿ ಕೇಳಿದೆ. ಹಳೇ ಸಾಮಾನು, ಕಾರ್ಡ್ ಸತ್ತಿರಬೇಕು, ಆಸೆ ಬಿಡು ಅಂದ.” ಅಡಿವೆಪ್ಪ ಕುಂಚವನ್ನು ಬದಿಗೆ ಎಸೆದ. “ನಿಮಗ ಆ ಸಾಲು ಓದಿ ಹೇಳಬೇಕು ಅಂತ ಭಾಳ ಆಸೆ ಇತ್ರಿ ಅಜ್ಜಾರ. ಇನ್ನ ಆಗೂದಿಲ್ಲ.”

ಅಜ್ಜಾರು ಅಡುಗೆಮನೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಕೂಗಿದರು.

“ಗೂಳಪ್ಪಾ!”

ಅಡುಗೆಯ ಗೂಳಪ್ಪ ಬಾಗಿಲಲ್ಲೇ ಕೂತು ರೊಟ್ಟಿ ಬಡಿಯುತ್ತಿದ್ದ. ತಲೆ ಎತ್ತಿ ನೋಡಿದ. ಉತ್ತರ ಕೊಡಲಿಲ್ಲ.

“ಏ ಗೂಳಪ್ಪಾ!”

ಗೂಳಪ್ಪ ಮತ್ತೆ ನೋಡಿದ. ಮತ್ತೆ ರೊಟ್ಟಿ ಬಡಿದ.

“ಎಷ್ಟ ಕರದ್ರೂ ಓ ಅನ್ನವಲ್ಲ,” ಎಂದರು ಅಜ್ಜಾರು. “ಸತ್ತಿರಬೇಕು.”

“ಅಯ್ಯ, ಬಿಡ್ತು ಅನ್ರಿ ಅಜ್ಜಾರ! ಮೌನದಾಗ ಅದಾನ. ನಿನ್ನೆ ಸಾರಿನ ಉಪ್ಪಿನ ಸಲುವಾಗಿ ಎಲ್ಲಾರ ಕೂಡ ಜಗಳಾಡಿದ ಅಂತ ನೀವ ಕೊಟ್ಟಿರಲ್ರೀ ಮೌನ.”

“ಹೌದಲ್ಲ. ಹಂಗಾರ ಹೋಗಿ ಅವನ ಬೆನ್ನಿನ ಧೂಳ ಕೊಡವು. ಮಾತಾಡಿದ್ರೂ ಮಾತಾಡ್ಯಾನು.”

“ಧೂಳ ಕೊಡವಿದ್ರ ಹೆಂಗ ಮಾತಾಡ್ತಾನ್ರಿ? ನಮ್ಮ ಆಶ್ರಮದಾಗ ಮೌನ ಕೊಟ್ಟಾವ್ರ ಬಂದು ಹೆಗಲ ಮುಟ್ಟಿ ಬಿಡಿಸಬೇಕು. ಬ್ಯಾರೇದವ್ರು ಏನ್ ಮಾಡಿದ್ರೂ…”

ಅಡಿವೆಪ್ಪನ ಬಾಯಿ ತೆರೆದದ್ದು ಹಾಗೇ ಉಳಿಯಿತು.

ಕಳೆದ ಶ್ರಾವಣದಲ್ಲಿ ಅವನು ಪುರಾಣದ ವಿಡಿಯೋ ಸಿದ್ಧಪಡಿಸುತ್ತಿದ್ದ. ಸಂಜೆ ಪ್ರಾರ್ಥನೆ ನಡೆದಿತ್ತು. ಸರಿಯಾಗಿ ನಾಲ್ಕನೆಯ ಸಾಲಿನ ಮೌನದಲ್ಲಿ ಕಾರ್ಡು ಕಾದು, ಅದನ್ನು ತಣಿಸುವ ಫ್ಯಾನು ಗುಂಯ್ ಎಂದು ಎದ್ದಿತು. ಅಜ್ಜಾರು ಒಂದು ಕಣ್ಣು ತೆರೆದು ನೋಡಿದ್ದರು. ಅಡಿವೆಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತ್ತು.

ಮರುದಿನವೇ ಅವನು ಲ್ಯಾಪ್‌ಟಾಪಿನ ಬುಡದ ಸೆಟ್ಟಿಂಗಿಗೆ ಹೋಗಿದ್ದ. ಚಾಲೂ ಮಾಡಿದ ಕೂಡಲೇ ಒಂದು ಗುಂಡಿ ಒತ್ತಿ ಹಿಡಿದರೆ ಬರುವ ನೀಲಿ ಪರದೆ ಅದು. ಅಲ್ಲಿ ಕಾರ್ಡನ್ನೇ ಬಂದ್ ಮಾಡಿ ಬಂದಿದ್ದ. ಮೌನ ಕಾಪಾಡಿದೆ ಎಂದು ಎದೆಯುಬ್ಬಿಸಿಕೊಂಡು ತಿರುಗಿದ್ದ. ಆಮೇಲೆ ಬರೀ ಟೈಪಿಂಗ್ ಕೆಲಸ. ಕಾರ್ಡಿನ ನೆನಪೇ ಬಂದಿರಲಿಲ್ಲ.

“ಅಜ್ಜಾರ! ಅದು ಸತ್ತಿಲ್ರಿ! ನಾನ ಅದಕ್ಕ ಮೌನ ಕೊಟ್ಟಿದ್ದೆ!”

“ಹಂಗಾರ ನನ್ನ ಮಾರಿ ಏನ್ ನೋಡ್ತಿ? ಹೋಗಿ ಹೆಗಲ ಮುಟ್ಟು.”

ಅಡಿವೆಪ್ಪ ಲ್ಯಾಪ್‌ಟಾಪನ್ನು ಬಂದ್ ಮಾಡಿ ಚಾಲೂ ಮಾಡಿದ. ಗುಂಡಿ ಒತ್ತಿ ಹಿಡಿದ. ನೀಲಿ ಪರದೆ ಬಂತು. ಬಂದ್ ಎಂದಿದ್ದನ್ನು ಚಾಲೂ ಎಂದು ಬದಲಿಸಿ, ಉಳಿಸಿ, ಹೊರಬಂದ.

ಈ ಸಲ ಯಂತ್ರಗಳ ಪಟ್ಟಿಯಲ್ಲಿ ಕಾರ್ಡಿನ ಹೆಸರು ಇತ್ತು. ಏನೂ ಆಗೇ ಇಲ್ಲವೆಂಬಂತೆ ತನ್ನ ಜಾಗದಲ್ಲಿ ಕೂತಿತ್ತು. ಅಡಿವೆಪ್ಪ ಪರದೆಗೆ ಕೈಮುಗಿದುಬಿಟ್ಟ.

ಸಾಫ್ಟ್‌ವೇರ್ ಫೋಟೋಗಳನ್ನು ಒಂದೊಂದಾಗಿ ಒಳಗೆಳೆದುಕೊಂಡಿತು. ಹೊತ್ತು ಇಳಿಯಿತು. ಪ್ರಾರ್ಥನೆಯ ಗಂಟೆಯಾಯಿತು. ಕೆಲಸ ಇನ್ನೂ ಮುಗಿದಿರಲಿಲ್ಲ, ಎತ್ತಿಕೊಂಡು ಹೋಗಿ ಸಿಕ್ಕಿಸಲು ಬೇರೆ ಪ್ಲಗ್ಗೂ ಇರಲಿಲ್ಲ.

ಎಲ್ಲರೂ ಬಂದು ಕೂತರು. ಗೂಳಪ್ಪನೂ ಕೈಗೆ ಹತ್ತಿದ ಹಿಟ್ಟಿನ ಸಮೇತ ಬಂದು ಕೂತ. ಹೊಳೆ ಹರಿಯಿತು, ಬಂಡೆ ನಿಂತಿತು, ಬಯಲು ಸುಮ್ಮನಿತ್ತು. ಕಣ್ಣುಗಳು ಮುಚ್ಚಿದವು.

ಗುಂಯ್ ಎಂದು ಫ್ಯಾನು ಎದ್ದಿತು.

ಅಡಿವೆಪ್ಪ ಕಣ್ಣು ಮುಚ್ಚಲಿಲ್ಲ. ಪರದೆಯ ಮೇಲೆ ಬಂಡೆ ಎದ್ದು ನಿಂತಿತ್ತು. ಅವನು ಬೆಳಕನ್ನು ಒಂದು ಬದಿಯಿಂದ ಓರೆಯಾಗಿ ಬಿಟ್ಟ. ಏನೂ ಇಲ್ಲ. ಇನ್ನೊಂದು ಬದಿಗೆ ತಂದ. ನುಣ್ಣಗಿದ್ದ ಕಲ್ಲಿನ ಮೇಲೆ ತೆಳ್ಳಗೆ ನೆರಳು ಬಿತ್ತು. ಒಂದು ಅಕ್ಷರ. ಅದರ ಪಕ್ಕ ಒತ್ತಕ್ಷರ. ಮತ್ತೊಂದು.

ಎಷ್ಟೋ ಕಾಲದಿಂದ ಯಾರೂ ಮುರಿಯದ ಆ ಮೌನವನ್ನು ಅಡಿವೆಪ್ಪ ಗಂಟಲು ಹರಿಯುವಂತೆ ಕೂಗಿ ಮುರಿದ.

“ನನ್ನ ಕೇಳಿದೆ, ನಗು ಬಂತು!”

ಅಜ್ಜಾರು ತೆವಳಿಕೊಂಡೇ ಪರದೆಯ ಹತ್ತಿರ ಬಂದರು. ಬಂಡೆಯ ಮೇಲೆ ಆಡಿಸುತ್ತಿದ್ದಂತೆಯೇ ಪರದೆಯ ಮೇಲೆ ಬೆರಳಾಡಿಸಿದರು. ನ. ನ್ನ. ತುಟಿ ಅಲುಗಿತು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅವರ ಹೊಟ್ಟೆ ಕುಲುಕತೊಡಗಿತು. ಅಜ್ಜಾರು ನಕ್ಕರು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಪಡಸಾಲೆಗೆ ಪಡಸಾಲೆಯೇ ನಕ್ಕಿತು.

ಗೂಳಪ್ಪನೊಬ್ಬ ಹಿಟ್ಟಿನ ಕೈಯನ್ನು ಬಾಯಿಗೆ ಒತ್ತಿಕೊಂಡು ಒದ್ದಾಡುತ್ತಿದ್ದ. ಅಜ್ಜಾರು ಹೋಗಿ ಅವನ ಹೆಗಲು ಮುಟ್ಟಿದರು.

“ಮಾತಾಡಪಾ.”

“ಸಾರಿಗೆ ಉಪ್ಪು ಸರಿ ಇತ್ರಿ!” ಎಂದು ಅಬ್ಬರಿಸಿದ ಗೂಳಪ್ಪ.

ನಗು ಇಮ್ಮಡಿಯಾಯಿತು. ಅದರ ನಡುವೆ ಅಡಿವೆಪ್ಪನಿಗೆ ಫ್ಯಾನಿನ ನೆನಪಾಯಿತು. ಅದಿನ್ನೂ ಒಂದೇ ಸಮನೆ ಅರಚುತ್ತಿತ್ತು.

“ತಪ್ಪಾತ್ರಿ ಅಜ್ಜಾರ. ಅವತ್ತೂ ಹಿಂಗ ಸಪ್ಪಳ ಮಾಡಿತ್ತು, ನೀವು ಕಣ್ಣ ತಗದು ಸಿಟ್ಟಿಲೆ ನೋಡಿದ್ರಿ.”

“ಸಿಟ್ಟು ಎಲ್ಲಿದೋ? ಆ ಸಪ್ಪಳಕ್ಕ ಹೊಳಿ ಏರಿ ಬಂತೇನೋ ಅಂತ ನೋಡಿದೆ.”

ಅಡಿವೆಪ್ಪ ನಾಚಿಕೊಂಡು ಲ್ಯಾಪ್‌ಟಾಪಿನ ಕಡೆ ಕೈ ಚಾಚಿದ. “ಬಂದ್ ಮಾಡ್ಲ್ಯಾ?”

ಅಜ್ಜಾರು ಅವನ ಕೈ ಹಿಡಿದುಕೊಂಡರು.

“ಬ್ಯಾಡ, ಇರ್ಲಿ ಬಿಡೋ. ಇಷ್ಟ ದಿನ ಸುಮ್ಮ ಕುಂತದ್ದು, ಇವತ್ತರ ಜೋರಾಗಿ ಮಾತಾಡ್ಲಿ.”