ಒಂದು ಹಿಡಿ ಹಕ್ಕರಕಿ

ಹೊಳೆದಂಡೆಯ ಆ ಸಣ್ಣ ಮಠದಲ್ಲಿ ಇದ್ದವರು ಇಬ್ಬರೇ. ಅಜ್ಜಾರು, ಅಂದರೆ ಗುರುಗಳು. ಮತ್ತೆ ಅವರ ಶಿಷ್ಯ ಈರಭದ್ರ.

ಊರ ಮಂದಿ ಏನಾದರೊಂದು ಕೇಳಿಕೊಂಡು ಬರುತ್ತಲೇ ಇರುತ್ತಿದ್ದರು. ಎಮ್ಮೆ ಯಾಕೆ ಮೇವು ಬಿಟ್ಟಿದೆ, ಈ ಬೇರು ಎಂಥದ್ದು, ಈ ಬಳ್ಳಿ ಯಾವುದು. ಎಷ್ಟೋ ಮಾತಿಗೆ ಅಜ್ಜಾರದ್ದು ಒಂದೇ ಉತ್ತರ: “ನನಗ ಗೊತ್ತಿಲ್ಲಪಾ.”

ಅದನ್ನು ಕೇಳಿದಾಗಲೆಲ್ಲ ಈರಭದ್ರನಿಗೆ ತಲೆ ತಗ್ಗಿಸುವಂತಾಗುತ್ತಿತ್ತು. ಗುರು ಅನ್ನಿಸಿಕೊಂಡವರು ಹೀಗೆ ಎಲ್ಲರೆದುರಿಗೆ ಗೊತ್ತಿಲ್ಲ ಅಂದುಬಿಡುವುದೇ?

ಹೀಗಿರುವಾಗ ಭಕ್ತರೊಬ್ಬರು ಅವನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಎಲೆಯದೋ ಹೂವಿನದೋ ಫೋಟೋ ತೆಗೆದರೆ ಸಾಕು, ಗಿಡದ ಹೆಸರು ಬರುತ್ತಿತ್ತು. ಹೆಸರಿನ ಪಕ್ಕದಲ್ಲಿ, ನೂರಕ್ಕೆ ಎಷ್ಟು ಖಾತ್ರಿ ಎಂದು ಒಂದು ಅಂಕಿ. ಕೆಳಗೆ, ಇದೂ ಇರಬಹುದು, ಅದೂ ಇರಬಹುದು ಎಂದು ಇನ್ನೆರಡು ಹೆಸರು.

ಈರಭದ್ರ ಮೇಲಿನ ಹೆಸರಷ್ಟೇ ಓದಿ ಹೇಳುತ್ತಿದ್ದ. ಕೇಳುವವರಿಗೆ ಬೇಕಾಗಿದ್ದದ್ದೂ ಅಷ್ಟೇ.

ಅಜ್ಜಾರು ಬೇಡ ಅನ್ನಲಿಲ್ಲ. ಬೇಲಿಯ ಮೇಲಿನ ಹೂವೊಂದನ್ನು ತೋರಿಸಿ, ತಾವೇ ಹೆಸರು ಕೇಳಿ ತಿಳಿದುಕೊಂಡರು. “ಚಲೋ ಐತಲ್ಲೋ ಇದು,” ಅಂದರು.

ನೋಡನೋಡುತ್ತ ಮಂದಿ ಅಜ್ಜಾರನ್ನು ದಾಟಿ ಸೀದಾ ಅವನ ಹತ್ತಿರ ಬರತೊಡಗಿದರು. ಯಾರೋ “ಸಣ್ಣ ಅಜ್ಜಾರ” ಎಂದು ಕರೆದರು. “ಛೇ ಛೇ, ಹಂಗ ಅನಬ್ಯಾಡ್ರಿ,” ಅಂದ ಈರಭದ್ರ. ಒಳಗೊಳಗೆ ಹಿಗ್ಗಿ ಹೀರೇಕಾಯಿಯಾದ.

ಒಂದು ದಿನ ಊಟದ ಹೊತ್ತಿಗೆ ದ್ಯಾಮವ್ವ ಬಂದಳು. ಅವಳ ಮನೆ ಮಠದ ಹಿಂದಿನ ಓಣಿಯಲ್ಲೇ. ಉಡಿ ತುಂಬ ಸೊಪ್ಪಿತ್ತು.

“ಸೊಸಿ ನೀಲವ್ವ ಬಸುರಿ. ಬಾಯಿಗೆ ಏನೂ ಸೇರವಲ್ದು. ಹಕ್ಕರಕಿ ಬೇಕು ಅಂತ ಹಟ ಹಿಡದಾಳ. ಹೊಳಿ ಆಚೆ ಬದುವಿನ್ಯಾಗ ಇದು ಸಿಕ್ತು. ಹಕ್ಕರಕಿ ಹಂಗs ಕಾಣತೈತಿ, ಆದ್ರ ಎಲಿ ಒಂಚೂರು ಬ್ಯಾರೆ. ನೋಡಿ ಹೇಳ್ರಿ.”

ಈರಭದ್ರ ಫೋಟೋ ತೆಗೆದ. ಹಕ್ಕರಕಿ ಎಂದು ಬಂತು. ಪಕ್ಕದಲ್ಲಿ ಅರವತ್ತು. ಕೆಳಗಿನ ಎರಡು ಹೆಸರುಗಳನ್ನು ಅವನು ಎಂದೂ ಕೇಳಿರಲಿಲ್ಲ.

ದ್ಯಾಮವ್ವ ಅವನ ಬಾಯನ್ನೇ ನೋಡುತ್ತ ನಿಂತಿದ್ದಳು.

“ಹಕ್ಕರಕೀನs ಐತಿ ಬೇ,” ಅಂದ. “ಅನುಮಾನ ಬ್ಯಾಡ. ಹೋಗಿ ತಿನಸು.”

“ನಿಮ್ಮ ಹೊಟ್ಟಿ ತಣ್ಣಗಿರಲಿ,” ಎಂದು ಹರಸಿ, ಒಂದು ಹಿಡಿ ಸೊಪ್ಪು ಮಠಕ್ಕೂ ಇಟ್ಟು ದ್ಯಾಮವ್ವ ಹೊರಟಳು.

ಆಗ ಅಜ್ಜಾರು ಹೊಳೆಯಲ್ಲಿ ಕೈಕಾಲು ತೊಳೆದುಕೊಂಡು ಬಂದರು. ಇಬ್ಬರೂ ರೊಟ್ಟಿಗೆ ಕುಳಿತರು. ಅಜ್ಜಾರ ಕಣ್ಣು ಸೊಪ್ಪಿನ ಮೇಲೆ ಬಿತ್ತು.

“ಏನಿದು?”

“ಹಕ್ಕರಕಿರಿ. ದ್ಯಾಮವ್ವ ಕೊಟ್ಟು ಹೋದ್ಲು.”

“ಭೇಷ್. ಇದನ್ನ ತಿಂದು ಯಾವ ಕಾಲಾತು!”

ಹಕ್ಕರಕಿಯನ್ನು ಬೇಯಿಸುವ ರೂಢಿಯಿಲ್ಲ. ರೊಟ್ಟಿಯ ಜತೆ ಹಸಿಯಾಗಿಯೇ ತಿನ್ನುತ್ತಾರೆ. ಅಜ್ಜಾರು ನಾಲ್ಕು ಎಲೆಗಳನ್ನು ರೊಟ್ಟಿಯ ತುಂಡಿನಲ್ಲಿ ಸುತ್ತಿ ಬಾಯಿಗೆ ಒಯ್ದರು.

ಈರಭದ್ರ ಗಪ್ಪನೆ ಅವರ ಕೈ ಹಿಡಿದ.

“ಬ್ಯಾಡ್ರಿ ಅಜ್ಜಾರ!”

ಅಜ್ಜಾರು ಅವನ ಮುಖ ನೋಡಿದರು. “ಯಾಕೋ?”

“ಖಾತ್ರಿ ಇಲ್ಲರಿ. ಫೋನು ಬರೇ ಅರವತ್ತು ಅಂದೈತಿ.”

“ದ್ಯಾಮವ್ವಗ ಏನು ಹೇಳಿದಿ?”

ಈರಭದ್ರ ಎಂಜಲು ಕೈಯಲ್ಲೇ ಎದ್ದು ಓಡಿದ.

ದ್ಯಾಮವ್ವನ ಮನೆಯಲ್ಲಿ ನೀಲವ್ವ ಗಂಗಾಳದ ಮುಂದೆ ಕುಳಿತಿದ್ದಳು. ಸೊಪ್ಪು ತೊಳೆದು ಬಡಿಸಿಯಾಗಿತ್ತು. ಮೊದಲ ತುತ್ತು ಕೈಯಲ್ಲಿತ್ತು.

“ತಿನಬ್ಯಾಡ, ಕೆಳಗಿಡು!”

ಅವನ ಕೂಗಿಗೆ ಬೆದರಿ ನೀಲವ್ವ ತುತ್ತನ್ನು ಗಂಗಾಳಕ್ಕೆ ಹಾಕಿದಳು. ದ್ಯಾಮವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

“ಏನಾತ್ರಿ? ಇದು ಹಕ್ಕರಕಿ ಅಲ್ಲೇನು?”

“ಇದ್ದರೂ ಇರಬಹುದು. ಅಲ್ಲದೇನೂ ಇರಬಹುದು. ನನಗ ಗೊತ್ತಿಲ್ಲವ್ವಾ.”

“ಆಗ ಗೊತ್ತಿತ್ತು, ಈಗ ಗೊತ್ತಿಲ್ಲೇನು? ಅಕಿ ಹೊಟ್ಟ್ಯಾಗ ಕೂಸು ಐತ್ರಿ!”

ದ್ಯಾಮವ್ವ ಸೊಪ್ಪನ್ನೆಲ್ಲ ಬಾಚಿ ತಿಪ್ಪೆಗೆ ಎಸೆದಳು. ಆಮೇಲೆ ಅವನನ್ನು ಬಾಯಿಗೆ ಬಂದಂತೆ ಬೈದಳು. ಈರಭದ್ರ ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡ. ನೀಲವ್ವ ಬರೀ ರೊಟ್ಟಿ ಮುರಿಯತೊಡಗಿದ ಮೇಲೆಯೇ ಅವನಿಗೆ ಜೀವ ಬಂದಂತಾಯಿತು.

ಮಠಕ್ಕೆ ಮರಳಿದಾಗ ಅಜ್ಜಾರು ಗಂಗಾಳದ ಮುಂದೆ ಹಾಗೇ ಕುಳಿತಿದ್ದರು. ಉಂಡಿರಲಿಲ್ಲ.

“ಅಕಿ ತಿಂದಿರಲಿಲ್ಲರಿ,” ಅಂದ ಈರಭದ್ರ.

ಅಜ್ಜಾರು ಕಣ್ಣು ಮುಚ್ಚಿ ಉಸಿರು ಬಿಟ್ಟರು.

ಈರಭದ್ರ ಫೋನು ತಂದು ಅವರ ಪಾದದ ಹತ್ತಿರ ಇಟ್ಟ. ಅವನಿಗೆ ಅಳು ಬಂದಿತ್ತು. “ಇದು ನನಗ ಮೋಸ ಮಾಡಿಬಿಡ್ತರಿ. ಇವತ್ತs ಹೊಳಿಗೆ ಒಗದ ಬಿಡ್ತೀನಿ.”

“ತಡಿ. ಆ ಫೋಟೋ ತಗಿ.”

ತೆಗೆದ.

“ಏನು ಬರದೈತಿ, ಪೂರಾ ಓದು.”

“ಹಕ್ಕರಕಿ. ನೂರಕ್ಕ ಅರವತ್ತು.”

“ಮುಂದ?”

ಅವನು ಕೆಳಗಿನ ಎರಡು ಹೆಸರುಗಳನ್ನೂ ಓದಿದ. ಬಾಯಿಬಿಟ್ಟು ಓದಿದ್ದು ಅದೇ ಮೊದಲು.

ಅಜ್ಜಾರು ಫೋನನ್ನು ತಮ್ಮ ಧೋತರದ ಸೆರಗಿನಲ್ಲಿ ಒರೆಸಿ ಅವನ ಕೈಗೇ ಕೊಟ್ಟರು.

“ಇದನ್ಯಾಕ ಒಗೀತಿ? ತನಗ ಗೊತ್ತಿದ್ದಷ್ಟs ಹೇಳೈತಿ, ಪಾಪ. ಉಳಿದ ನಲವತ್ತು ಎಲ್ಲಿಂದ ತಂದು ಸೇರಿಸಿದಿ, ತಮ್ಮಾ?”