ಲಾಗ್‌ಬುಕ್‌ನಲ್ಲಿ ಸುಳ್ಳು ಬರೆಯದ ಚೆಲುವಯ್ಯ

ನೀರು ಸರಬರಾಜು ಕಚೇರಿಯ ಎಂಜಿನಿಯರ್ ಸಾಹೇಬರಿಗೆ ಭಾನುವಾರ ಅತ್ತೆ ಮನೆಯಲ್ಲಿ ಹೋಳಿಗೆ ಊಟ. ಸರ್ಕಾರಿ ಜೀಪು ತೆಗೆಯಲು ಡ್ರೈವರ್ ಚೆಲುವಯ್ಯನಿಗೆ ಹೇಳಿದರು.

"ಲಾಗ್‌ಬುಕ್‌ನಲ್ಲಿ ಏನಂತ ಬರೀಲಿ ಸಾರ್?"

"ಸ್ಥಳ ಪರಿಶೀಲನೆ ಅಂತ ಬರಿಯಯ್ಯ."

"ಇಪ್ಪತ್ತಾರು ವರ್ಷದಿಂದ ಅದರಲ್ಲಿ ಒಂದು ಸುಳ್ಳೂ ಬರೆದಿಲ್ಲ ಸಾರ್. ಸಿಕ್ಕಿಬಿದ್ರೆ ಹೋಗೋದು ನನ್ನ ಕೆಲಸ."

"ಹೇಳಿದಷ್ಟು ಮಾಡು!"

ಚೆಲುವಯ್ಯ ಜೀಪು ಹೊರಡಿಸಿದ. ಅತ್ತೆಯ ಊರು ತಲುಪಿ ಸಾಹೇಬರನ್ನು ಇಳಿಸಿದವನೇ ಜೀಪನ್ನು ಹಾಲಿನ ಡೇರಿ ಮುಂದೆ, 'ಕರ್ನಾಟಕ ಸರ್ಕಾರ' ಎಂಬ ಬೋರ್ಡು ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ. ಡೇರಿ ಜಗಲಿ ಮೇಲೆ ಕೂತವರು ಸುಮ್ಮನಿರುತ್ತಾರೆಯೇ?

"ಯಾರು ಬಂದವ್ರೆ?"

"ನೀರಿನ ಎಂಜಿನಿಯರು. ಸ್ಥಳ ಪರಿಶೀಲನೆಗೆ."

ಸಾಹೇಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವ ಹೊತ್ತಿಗೆ ಅಂಗಳದ ತುಂಬ ಜನ, ಜನರ ಕೈಯಲ್ಲಿ ಖಾಲಿ ಕೊಡ. ಮೂರು ತಿಂಗಳಿಂದ ನಲ್ಲಿಯಲ್ಲಿ ನೀರಿಲ್ಲವಂತೆ. ಸಾಹೇಬರು ಕೈ ತೊಳೆದು ಎದ್ದರು. ಬೀದಿ ಬೀದಿ ಸುತ್ತಿ, ಒಡೆದ ಪೈಪು ಹುಡುಕಿ, ರಿಪೇರಿಗೆ ಅಲ್ಲಿಂದಲೇ ಫೋನು ಮಾಡಿದರು. ವಾಪಸು ಬಂದರೆ ಬಾಗಿಲಲ್ಲಿ ಅತ್ತೆಯೂ ಕೊಡ ಹಿಡಿದು ನಿಂತಿದ್ದಾರೆ!

"ನಮ್ಮ ನಲ್ಲೀನೂ ಒಂಚೂರು ನೋಡಿ ಅಳಿಯಂದ್ರೆ. ಸಂಕೋಚಕ್ಕೆ ಇಷ್ಟು ದಿನ ಹೇಳಿರಲಿಲ್ಲ."

ಹೊರಡುವಾಗ ಚೆಲುವಯ್ಯ ಲಾಗ್‌ಬುಕ್ ಮುಂದೆ ಹಿಡಿದ. "ಸ್ಥಳ ಪರಿಶೀಲನೆ ಅಂತ ಬರೆದಿದ್ದೀನಿ. ಸಹಿ ಹಾಕಿ ಸಾರ್."

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಸಹಿ ಹಾಕುತ್ತಾ ಅಂದರು, "ಮುಂದಿನ ಸಲ ಬಸ್ಸಲ್ಲಿ ಬರ್ತೀನಿ ಮಾರಾಯ."

"ಬನ್ನಿ ಸಾರ್. ನಿಮ್ಮ ಗುರುತು ಹಿಡಿಯೋಕೆ ಈ ಊರಿಗೆ ಇನ್ನು ಬೋರ್ಡು ಬೇಕಿಲ್ಲ."