ಹಲಗೆಯ ಮೇಲಿಲ್ಲದ ಕ್ಯಾಚು

"ಗುರುಗಳೇ, ಮಠದ ಬಾವಿ ತೋಡಿದವನು ನಾನು. ಬಾವಿಕಟ್ಟೆಯ ಕಲ್ಲಿನಲ್ಲಿ ಗುದ್ದಲಿ ಮುಟ್ಟದವರ ಹೆಸರೂ ಇದೆ, ನನ್ನದಿಲ್ಲ. ಇದು ನ್ಯಾಯವೇ?"

ಶಿಷ್ಯ ಮರುಳಯ್ಯ ಮುಖ ಊದಿಸಿಕೊಂಡು ಹೀಗೆ ಕೇಳಿದಾಗ ಗುರುಗಳು ನಕ್ಕರು. ಪೂರ್ವಾಶ್ರಮದಲ್ಲಿ ಅವರಿಗೆ ಕ್ರಿಕೆಟ್ಟಿನ ಹುಚ್ಚಿತ್ತು. ಕಾವಿ ಉಟ್ಟ ಮೇಲೂ ಅದು ಪೂರ್ತಿ ಬಿಟ್ಟಿರಲಿಲ್ಲ. ಒಂದು ಕತೆ ಹೇಳಿದರು.

ಇಂಗ್ಲೆಂಡಿನಲ್ಲಿ ಒಂದು ಕೌಂಟಿ ತಂಡ. ಕೌಂಟಿ ಎಂದರೆ ನಮ್ಮ ಜಿಲ್ಲೆಯಿದ್ದಂತೆ. ತಂಡಕ್ಕೆ ಆಡಿದ ಪ್ರತಿಯೊಬ್ಬನ ಹೆಸರನ್ನೂ ಅಲ್ಲಿ ಮರದ ಹಲಗೆಯ ಮೇಲೆ ಬರೆಯುತ್ತಿದ್ದರು. ಒಂದೇ ಪಂದ್ಯ ಆಡಿದ್ದರೂ ಸಾಕು, ಆದರೆ ಹನ್ನೊಂದು ಮಂದಿಯಲ್ಲಿ ಒಬ್ಬನಾಗಿರಬೇಕು.

ಅಲ್ಲೊಬ್ಬ ಹನ್ನೆರಡನೆಯ ಆಟಗಾರನಿದ್ದ. ಒಂದು ಪಂದ್ಯದಲ್ಲಿ ತಂಡದವನೊಬ್ಬನ ಕಾಲು ಉಳುಕಿತು. ಬದಲಿಗೆ ಇವನು ಫೀಲ್ಡಿಂಗಿಗೆ ಇಳಿದ. ಎದುರಾಳಿಗಳ ಕೊನೆಯ ಜೋಡಿಗೆ ಗೆಲ್ಲಲು ಎರಡೇ ರನ್ನು ಬೇಕಿತ್ತು. ಇವನು ಓಡಿಹೋಗಿ ಒಂದೇ ಕೈಯಲ್ಲಿ ಕ್ಯಾಚು ಹಿಡಿದ. ತಂಡ ಗೆದ್ದಿತು. ಸ್ಕೋರು ಪುಸ್ತಕದಲ್ಲಿ 'ಕ್ಯಾಚು: ಬದಲಿ ಆಟಗಾರ' ಎಂದಷ್ಟೇ ಬರೆದರು, ಬದಲಿಯವನ ಹೆಸರು ಬರೆಯುವ ಪದ್ಧತಿ ಅಲ್ಲಿರಲಿಲ್ಲ. ಮತ್ತೆಂದೂ ಅವನಿಗೆ ಅವಕಾಶ ಸಿಗಲಿಲ್ಲ.

ಮೂವತ್ತು ವರ್ಷ ಅದು ಅವನನ್ನು ಕೊರೆಯಿತು. ನನ್ನ ಹೆಸರೂ ಸೇರಿಸಿ ಎಂದು ಕೇಳಿಯೇ ಬಿಡೋಣವೆಂದು ಒಂದು ದಿನ ತಂಡದ ಮೈದಾನಕ್ಕೆ ಹೋದ. ಹಲಗೆಯ ಮುಂದೆ ಒಬ್ಬ ನಿಂತಿದ್ದ. ಅಂದು ಕಾಲು ಉಳುಕಿದವನೇ ಅವನು. ಆಡಿದ್ದು ಅದೊಂದೇ ಪಂದ್ಯ, ಎರಡು ಸರದಿಯಲ್ಲೂ ಹೊಡೆದದ್ದು ಸೊನ್ನೆ. ಹೆಸರು ಮಾತ್ರ ಹಲಗೆಯ ಮೇಲಿತ್ತು.

"ನನ್ನ ಬದಲಿಗೆ ಇಳಿದವರು ನೀವೇ ಅಲ್ಲವೇ?" ಎಂದು ಅವನು ಕೈ ಹಿಡಿದುಕೊಂಡ. "ನಾನು ಒಳಗೆ ಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದೆ. ಜನ ಕೂಗಿದ್ದಷ್ಟೇ ಕೇಳಿಸಿತು. ಇಲ್ಲಿ ನನ್ನ ಹೆಸರು ನೋಡಿದಾಗಲೆಲ್ಲ ಅದೇ ನೆನಪಾಗುತ್ತದೆ. ಆ ಚೆಂಡು ಹೇಗೆ ಬಂತು, ಹೇಳುತ್ತೀರಾ?"

ಇವನು ಹೇಳಿದ. ಹೇಳುತ್ತಲೇ ಎರಡು ಹೆಜ್ಜೆ ಓಡಿದ, ಕೈ ಚಾಚಿದ. ಅಂಗೈ ಮತ್ತೆ ಚುರುಗುಟ್ಟಿತು. ಅವನು ಚಹಾ ಕುಡಿಸಿ ಇನ್ನೊಮ್ಮೆ ಹೇಳಿಸಿಕೊಂಡ. ಇವನಿಗೆ ಬಹಳ ಖುಷಿಯಾಗಿತ್ತು. ಹೆಸರು ಸೇರಿಸಿ ಎಂದು ಕೇಳಲು ಹೋಗಿದ್ದೆನೆಂಬುದು ನೆನಪಾದದ್ದು ಮನೆಯ ಬಾಗಿಲು ತೆಗೆಯುವಾಗ. ಅದಕ್ಕಾಗಿ ಇವನು ಮತ್ತೆ ಹೋಗಲಿಲ್ಲ.

"ಆದರೂ ಹೆಸರು ಇರಬೇಕಿತ್ತಲ್ಲ, ಗುರುಗಳೇ," ಎಂದ ಮರುಳಯ್ಯ.

"ಇರಬೇಕಿತ್ತು," ಎಂದರು ಗುರುಗಳು. "ಅದಿರಲಿ, ಮೊದಲ ನೀರು ಬಂದಾಗ ಬಾವಿಯ ತಳದಲ್ಲಿದ್ದವನು ನೀನೊಬ್ಬನೇ, ಅದು ಹೇಗೆ ಬಂತು, ಹೇಳು."

ಮರುಳಯ್ಯ ತನ್ನ ಪಾದಗಳನ್ನು ನೋಡಿಕೊಂಡ. "ಮೊದಲು ಹೆಬ್ಬೆರಳಿಗೆ ತಣ್ಣಗಾಯಿತು, ಗುರುಗಳೇ," ಎಂದು ಹೇಳತೊಡಗಿದ.